ಕಾಳಿಗೊಂದು ಕಲ್ಲು



ಪೀಣ್ಯದ ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಬೇಸಿಗೆಯಲ್ಲಿ ನಮ್ಮ ನಾಯಿ ಲಾರಿಗೆ ಸಿಕ್ಕಿ ಸತ್ತಿತು. ಹೈಸ್ಕೂಲಿನಲ್ಲಿರುವ ಮಗ ಎರಡು ದಿನ ಊಟ ಬಿಟ್ಟ. “ನಾಯಿಗೆ ಇಷ್ಟೊಂದು ಅಳುತ್ತಾರೇನೋ?” ಎಂದು ನೆರೆಯವರು ನಕ್ಕರು. “ಅಪ್ಪಾ, ಹಿಂದಿನ ಕಾಲದವರು ಅಳುತ್ತಿರಲಿಲ್ಲವೆ?” ಎಂದು ಅವನು ನನ್ನನ್ನು ಕೇಳಿದ. ಉತ್ತರ ಒಂದು ಶಿಲಾಶಾಸನದಲ್ಲಿದೆ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರ ಕಾಲ ಕ್ರಿ.ಶ. 949–50. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದ. ಚೋಳ ರಾಜಕುಮಾರ ರಾಜಾದಿತ್ಯ ಅಲ್ಲಿ ಮಡಿದ. ಕೃಷ್ಣನ ಪರವಾಗಿ ಹೋರಾಡಿದ ಗಂಗ ದೊರೆ ಇಮ್ಮಡಿ ಬೂತುಗನಿಗೆ ಬನವಾಸಿಯೇ ಮೊದಲಾದ ನಾಡುಗಳು ದೊರೆತವು. ಬೂತುಗನ ಕಡೆಯ ವೀರ ಮಣಲೆರ. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗ, ಬೇಕಾದುದನ್ನು ಬೇಡೆಂದ. ಮಣಲೆರ ಬೇಡಿದ್ದು ಕಾಳಿ ಎಂಬ ನಾಯಿಯನ್ನು!

ಆದರೆ ಬೇಡಿ ಪಡೆದದ್ದು ಕೈಯಲ್ಲಿ ಉಳಿಯಲಿಲ್ಲ. ಬೆಳತೂರಿನ ಬಳಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹೋರಾಟದಲ್ಲಿ ನಾಯಿಯೂ ಹಂದಿಯೂ ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಂತಿತು. ಕಲ್ಲಿನ ಮೇಲೆ ನಾಯಿ–ಹಂದಿಯ ಕಾದಾಟವನ್ನೇ ಬಿಡಿಸಿದ್ದಾರೆ. ಆ ಕಲ್ಲಿಗಾಗಿ ಕೆರೆಯ ಕೆಳಗೆ ಎರಡು ಖಂಡುಗ ಗದ್ದೆಯನ್ನೂ ಬಿಟ್ಟುಕೊಟ್ಟರು. ಜೊತೆಗೊಂದು ಕಟ್ಟಳೆ: ಗೊರವ, ಎಂದರೆ ಅಲ್ಲಿನ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ.

ಈ ಕಟ್ಟಳೆಯನ್ನು ಸ್ವಲ್ಪ ಯೋಚಿಸಿ ನೋಡಿ. ಉಣ್ಣಬೇಡ ಎಂದು ಅದು ಹೇಳುವುದಿಲ್ಲ. ಮೊದಲು ನೆನೆ, ಆಮೇಲೆ ಉಣ್ಣು ಎನ್ನುತ್ತದೆ. ದುಃಖಕ್ಕೆ ಒಂದು ಸ್ಥಳ, ಒಂದು ಹೊತ್ತು. ಮಿಕ್ಕ ದಿನವೆಲ್ಲ ಬದುಕಿಗೆ. ಬಿಟ್ಟುಕೊಡುವುದೆಂದರೆ ಮರೆಯುವುದಲ್ಲ, ಹೊತ್ತದ್ದನ್ನು ಇಳಿಸಲು ಒಂದು ಜಾಗ ಮಾಡಿಕೊಳ್ಳುವುದು.

ಆ ಏರ್ಪಾಡೂ ಶಾಶ್ವತವಾಗಲಿಲ್ಲ. ಕಾಲು ಶತಮಾನದೊಳಗೆ, 973ರಲ್ಲಿ, ರಾಷ್ಟ್ರಕೂಟರ ಆಳ್ವಿಕೆ ಮುಗಿಯಿತು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಗಂಗರ ತಲಕಾಡನ್ನೂ ಗೆದ್ದರು. ಇಂದು ಆ ಕಲ್ಲಿನ ಮುಂದೆ ಗೊರವನಿಲ್ಲ, ಪೂಜೆಯಿಲ್ಲ. ವಿಜ್ಞಾನ ಓದಿದ ನನಗೆ ಕಲ್ಲೂ ಸವೆಯುತ್ತದೆ ಎಂಬುದು ಪಾಠದಿಂದಲೇ ಗೊತ್ತು. ಬೂತುಗನಿಗೂ ಮಣಲೆರನಿಗೂ ಅದು ಗೊತ್ತಿರಲಿಲ್ಲವೆಂದು ಹೇಳಲಾರೆ. ಆದರೂ ಆ ಕಾಲದವರು ಕಲ್ಲು ನಿಲ್ಲಿಸಿದರು.

ಮಗನಿಗೆ ಈ ಕಥೆ ಹೇಳಿದೆ. ನಾಯಿಯನ್ನು ಹೂತ ಜಾಗದಲ್ಲಿ ಅವನೊಂದು ಹೊಂಗೆ ಸಸಿ ನೆಟ್ಟ. ಬೆಳಿಗ್ಗೆ ಅದಕ್ಕೊಂದು ಚೊಂಬು ನೀರು ಹಾಕಿ, ಆಮೇಲೆ ತಿಂಡಿಗೆ ಕೂರುತ್ತಿದ್ದ. ಈಚೆಗೆ ಕೆಲವು ದಿನ ಮರೆಯುತ್ತಾನೆ. ಮಳೆ ಹಿಡಿದಿದೆ, ಸಸಿ ಚಿಗುರಿದೆ. ನಾನೂ ನೆನಪಿಸಲು ಹೋಗುವುದಿಲ್ಲ.