ಸೋರೆಬುರುಡೆಯ ಚರಿತ್ರೆ

ಅಡಿಗೆಯ ಮನೆಯಲ್ಲಿ ಎಳೆಯ ಸೋರೆಕಾಯಿಗೆ ಮಾತ್ರವೇ ಮನ್ನಣೆ. ಬಲಿತುದನ್ನು ನಾವು ಬೀಜಕ್ಕೆಂದು ಬಿಡುತ್ತೇವೆ, ಕಹಿಯಾದುದನ್ನು ಎಸೆಯುತ್ತೇವೆ. ಆದರೆ ಮಾನವನ ಚರಿತ್ರೆಯಲ್ಲಿ ಹಿರಿಯ ಸ್ಥಾನವು ಸಂದಿರುವುದು ಈ ಬಲಿತ ಬುರುಡೆಗೇ. ಇದರ ತವರು ಆಫ್ರಿಕ ಖಂಡ. ಆದಾಗ್ಯೂ ಸುಮಾರು ೧೦,೦೦೦ ವರ್ಷಗಳ ಹಿಂದೆಯೇ ಅಮೆರಿಕದ ಜನರು ಇದನ್ನು ಬಳಸುತ್ತಿದ್ದರು. ಒಣಗಿದ ಕಾಯಿಗಳು ಅಟ್ಲಾಂಟಿಕ್ ಸಾಗರದಲ್ಲಿ ತೇಲಿಯೇ ಆ ದಡವನ್ನು ಮುಟ್ಟಿರಬೇಕೆಂದು ೨೦೧೪ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಸೂಚಿಸಿತು.

ನೀರು ತುಂಬುವ ಈ ಪಾತ್ರೆಯಲ್ಲಿ ನಮ್ಮ ಹಿರಿಯರು ನಾದವನ್ನು ತುಂಬಿದರು. ತಂತಿಯ ಕ್ಷೀಣವಾದ ದನಿಯನ್ನು ಬುರುಡೆಯೊಳಗಣ ಗಾಳಿಯು ಗಂಭೀರವಾಗಿ ಮೊಳಗಿಸುತ್ತದೆ. ದಂಡಿಗೆ ಬುರುಡೆಗಳನ್ನು ಕಟ್ಟಿದ ಕಿನ್ನರಿಯನ್ನು ೧೩ನೆಯ ಶತಮಾನದಲ್ಲಿ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ವರ್ಣಿಸಿದ್ದಾನೆ. ಅದಕ್ಕೂ ಒಂದು ಶತಮಾನ ಮುಂಚೆ ಕಲ್ಯಾಣದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನು ಆ ವಾದ್ಯದಿಂದಲೇ ಹೆಸರಾಗಿದ್ದನು.

ಕಿನ್ನರಿಯು ಈಗ ವಿರಳವಾಗಿದ್ದರೂ ಬುರುಡೆಯು ತಂಬೂರಿಯಲ್ಲಿ ಉಳಿದುಬಂದಿದೆ. ೧೯ನೆಯ ಶತಮಾನದಲ್ಲಿ ಮಿರಜಿನ ಶಿಕಲಗಾರರು ಕತ್ತಿಗೆ ಸಾಣೆ ಹಿಡಿಯುವುದನ್ನು ಬಿಟ್ಟು ವಾದ್ಯಗಳ ನಿರ್ಮಾಣಕ್ಕೆ ತೊಡಗಿದರು. ಅವರಿಗೆ ಬೇಕಾದ ದೊಡ್ಡ ಕಹಿಬುರುಡೆಗಳು ಭೀಮಾತೀರದ ಪಂಢರಪುರದ ಸುತ್ತಣ ಹೊಲಗಳಲ್ಲಿ ಬೆಳೆದವು. ಅದೇ ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಗಾಯನವು ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಿಂದ ಧಾರವಾಡದ ಸೀಮೆಯಲ್ಲಿ ಬೇರೂರಿತು. ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ ೨೦೨೪ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ವಾದ್ಯಕ್ಕೆ ಮನ್ನಣೆ ದೊರೆತರೆ ಸಾಲದು. ಬಳ್ಳಿಯನ್ನು ಬೆಳೆಯುವವರೂ ಇರತಕ್ಕದ್ದು. ಗಾಯಕನ ಹಿಂದೆ ವಾದ್ಯಕಾರನಿರುವಂತೆ ವಾದ್ಯಕಾರನ ಹಿಂದೆ ರೈತನಿದ್ದಾನೆ. ರೈತನು ಬೀಜವನ್ನು ಕೈಬಿಟ್ಟರೆ ಶತಮಾನಗಳ ಆಯ್ಕೆಯಿಂದ ಬಂದ ತಳಿಯೇ ಅಳಿದುಹೋಗುವುದು.

ನಗರವಾಸಿಗಳಾದ ನಾವು ತಂಬೂರಿಗಾಗುವಷ್ಟು ದೊಡ್ಡ ಬುರುಡೆಯನ್ನು ಬೆಳೆಯಲಾರೆವು. ಆದರೆ ಏಕತಾರಿಗೋ ಹೂದಾನಿಗೋ ಒದಗುವ ಕಾಯಿಯನ್ನು ಹಿತ್ತಿಲಿನಲ್ಲಿ ಬೆಳೆಯಬಹುದು. ಮಳೆಗಾಲದ ಆರಂಭದಲ್ಲಿ ಬೀಜವನ್ನು ಊರಿ, ಬಳ್ಳಿಯನ್ನು ಗಟ್ಟಿಯಾದ ಚಪ್ಪರಕ್ಕೆ ಹಬ್ಬಿಸಬೇಕು. ತೊಟ್ಟು ಒಣಗುವವರೆಗೂ ಕಾಯಿಯನ್ನು ಕೀಳಲಾಗದು. ತರುವಾಯ ಗಾಳಿಯಾಡುವ ನೆರಳಿನಲ್ಲಿ ತಿಂಗಳುಗಟ್ಟಲೆ ಇಡಬೇಕು. ಮೇಲೆ ಬೂಷ್ಟು ಹಿಡಿದರೂ ಸಿಪ್ಪೆ ಮೆತ್ತಗಾಗದಿದ್ದರೆ ಅಂಜಬೇಕಾದುದಿಲ್ಲ. ನೀರಿನಲ್ಲಿ ನೆನಸಿ ಉಜ್ಜಿದರೆ ಅದು ಹೋಗುತ್ತದೆ. ಅಲುಗಿಸಿದಾಗ ಬೀಜಗಳು ಗಲಗಲ ಎಂದರೆ ಹದವಾಯಿತೆಂದು ತಿಳಿಯಬೇಕು. ಎಚ್ಚರಿಕೆಯೊಂದುಂಟು: ಕಹಿಸೋರೆಯು ವಿಷಕರವಾದುದು. ಅಡಿಗೆಯ ಸೋರೆಯೊಡನೆ ಅದರ ಪರಾಗ ಬೆರೆತರೆ ಆ ಬೀಜದಿಂದ ಹುಟ್ಟುವ ಮುಂದಿನ ಕಾಯಿಗಳೂ ಕಹಿಯಾದಾವು. ಆದುದರಿಂದ ಎರಡನ್ನೂ ಒಂದೇ ಹಿತ್ತಿಲಿನಲ್ಲಿ ಬೆಳೆಯದಿರುವುದೇ ಲೇಸು.

ನಾಲಗೆಯು ಒಲ್ಲೆನೆಂದುದನ್ನು ಕಿವಿಯು ಕಾಪಾಡಿತು. ಇನ್ನು ಮುಂದೆ ಅದನ್ನು ಕಾಪಾಡಬೇಕಾದುದು ಬೀಜ ಬಿತ್ತುವ ಕೈ.