ಏಳು ಹಾಲಿಗೆ ಆರು ಕಲ್ದಾರ್

ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದರೆ, ಅದಕ್ಕೆ ಅಂಟಿಕೊಂಡೇ ಇರುವ ಬನಹಟ್ಟಿ ಜಮಖಂಡಿಯದು. ಬೀಳಗಿಯಲ್ಲಿ ನೇರವಾಗಿ ಬ್ರಿಟಿಷರ ಆಡಳಿತ. ಸ್ವಾತಂತ್ರ್ಯಕ್ಕೆ ಮುಂಚೆ ಎತ್ತಿನ ಗಾಡಿಯಲ್ಲಿ ಒಂದೆರಡು ದಿನ ತಿರುಗಿದರೆ ಇಷ್ಟೂ ಒಡೆಯರ ನೆಲವನ್ನು ತುಳಿದು ಬರಬಹುದಿತ್ತು. ಆದರೆ ಇಪ್ಪತ್ತನೇ ಶತಮಾನದಲ್ಲಿ ಈ ಊರುಗಳ ಸಂತೆಯಲ್ಲೆಲ್ಲ ಓಡುತ್ತಿದ್ದ ರೂಪಾಯಿ ಒಂದೇ, ಬ್ರಿಟಿಷ್ ದೊರೆಯ ಮುಖವಿದ್ದದ್ದು.

ಅದೇ ಬಿಜಾಪುರ ಜಿಲ್ಲೆಯ ಪೂರ್ವದ ಅಂಚಿಗೆ ಹೋಗಿ, ಇಳಕಲ್ ದಾಟಿ ಕುಷ್ಟಗಿಯ ದಾರಿ ಹಿಡಿದರೆ ನಿಜಾಮರ ಸೀಮೆ. ಅಲ್ಲೂ ಇದೇ ಕನ್ನಡ, ಇದೇ ಜೋಳದ ರೊಟ್ಟಿ. ರೂಪಾಯಿ ಮಾತ್ರ ಬೇರೆ. ಅದರ ಮೇಲೆ ಚಾರ್‌ಮಿನಾರ್, ಅದರ ಬಾಗಿಲಲ್ಲಿ ಉಸ್ಮಾನ್ ಅಲಿ ಖಾನರ ಹೆಸರಿನ ಮೊದಲ ಅಕ್ಷರ ‘ಐನ್’.

ನಿಜಾಮರ ನಾಣ್ಯಕ್ಕೆ ‘ಹಾಲಿ ಸಿಕ್ಕಾ’ ಎಂದು ಹೆಸರು. ‘ಹಾಲಿ ಶಾಸಕರು’ ಎಂದು ನಾವು ಪತ್ರಿಕೆಗಳಲ್ಲಿ ಓದುವ ಹಾಲಿಯೇ ಇದು. ಈಗ ಚಲಾವಣೆಯಲ್ಲಿರುವ ನಾಣ್ಯ ಎಂದರ್ಥ. (ಅದು ಮಾಜಿಯಾಗಿ ಎಷ್ಟೋ ಕಾಲವಾಯಿತು, ಆ ಮಾತು ಬೇರೆ.) ಬ್ರಿಟಿಷ್ ರೂಪಾಯಿಗೆ ಜನ ಕಲ್ದಾರ್ ಎನ್ನುತ್ತಿದ್ದರು. ಉರ್ದುವಿನಲ್ಲಿ ‘ಕಲ್’ ಎಂದರೆ ಯಂತ್ರ. ಮುಂದೆ ನಿಜಾಮರ ನಾಣ್ಯವೂ ಯಂತ್ರದಲ್ಲೇ ತಯಾರಾಯಿತು, ಆದರೂ ಕಲ್ದಾರ್ ಎಂಬ ಹೆಸರು ಬ್ರಿಟಿಷರದ್ದಕ್ಕೇ ಉಳಿಯಿತು.

1893ರಲ್ಲಿ ಬ್ರಿಟಿಷ್ ಸರ್ಕಾರ, ಜನ ತಂದ ಬೆಳ್ಳಿಗೆ ರೂಪಾಯಿ ಟಂಕಿಸಿ ಕೊಡುವುದನ್ನು ನಿಲ್ಲಿಸಿತು. ಆಗ ಕಲ್ದಾರ್ ಬೆಳ್ಳಿಯ ಬೆಲೆಯನ್ನು ಬಿಟ್ಟು ಮೇಲೇರಿತು, ಹಾಲಿ ಬೆಳ್ಳಿಯ ಜೊತೆಗೇ ಕೆಳಗಿಳಿಯಿತು. ಇಪ್ಪತ್ತನೇ ಶತಮಾನದ ಆರಂಭದ ಸುಧಾರಣೆಗಳ ನಂತರ ದರ ಒಂದು ನೆಲೆಗೆ ಬಂತು: ಏಳು ಹಾಲಿಗೆ ಆರು ಕಲ್ದಾರ್. ಕಲ್ದಾರಿನಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿ, ಹಾಲಿಯಲ್ಲಿ ಸುಮಾರು 9.14 ಗ್ರಾಂ. ಭಾಗಿಸಿ ನೋಡಿದರೆ ಹೆಚ್ಚುಕಡಿಮೆ ಅದೇ ಏಳು-ಆರರ ಲೆಕ್ಕ.

ಲೆಕ್ಕ ನ್ಯಾಯವಾಗಿಯೇ ಇತ್ತು. ತೊಡಕಿದ್ದದ್ದು ಚಿಲ್ಲರೆಯಲ್ಲಿ. ದೊಡ್ಡ ವ್ಯಾಪಾರಿ ನೂರು ಕಲ್ದಾರ್ ಕೊಟ್ಟರೆ 116 ರೂಪಾಯಿ 10 ಆಣೆ 8 ಪೈ ಹಾಲಿ, ಒಂದು ಪೈ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಬನಹಟ್ಟಿಯ ಸೀರೆ ಗಡಿಯಾಚೆ ಮಾರಾಟವಾಗಿ ಹಾಲಿ ಹಣ ನೇಕಾರನ ಕೈಗೆ ಬಂದರೆ? ಒಂದು ಹಾಲಿಗೆ ಸಿಗಬೇಕಾದದ್ದು 13 ಆಣೆ 8 ಪೈ, ಮೇಲೆ ಅರ್ಧ ಪೈಗಿಂತ ತುಸು ಹೆಚ್ಚು. ಆ ಅರ್ಧ ಪೈಗೆ ನಾಣ್ಯವೆಲ್ಲಿಯದು? ಅದು ಸರಾಫನ ಗಲ್ಲೆಯಲ್ಲೇ ಉಳಿಯಬೇಕು. ಅದರ ಮೇಲೆ ಅವನ ವಟಾವ ಬೇರೆ, ಗಡಿಯಲ್ಲಿ ನಿಜಾಮರ ಕರೋಡಗಿರಿ ನಾಕೆಯ ಸುಂಕ ಬೇರೆ. ಏಳು ಹಾಲಿ ಒಟ್ಟಿಗೆ ತಂದವನಿಗೆ ಈ ಅರ್ಧ ಪೈಯ ನಷ್ಟವಿಲ್ಲ. ಒಂದೊಂದಾಗಿ ತಂದವನಿಗೆ ಪ್ರತಿ ಸಲವೂ ನಷ್ಟ.

ಎರಡನೇ ಮಹಾಯುದ್ಧ ಬೆಳ್ಳಿಯ ಲೆಕ್ಕವನ್ನೇ ತಲೆಕೆಳಗು ಮಾಡಿತು. 1940ರಿಂದ ಬ್ರಿಟಿಷರು ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿದರು. ಹೊಸ ಕಲ್ದಾರಿನಲ್ಲಿ ಆರು ಗ್ರಾಂ ಬೆಳ್ಳಿಯೂ ಇರಲಿಲ್ಲ, ಮನೆಯ ಪೆಟ್ಟಿಗೆಯಲ್ಲಿದ್ದ ಹಳೆಯ ಹಾಲಿಯಲ್ಲಿ ಒಂಬತ್ತು ಗ್ರಾಂ ಇತ್ತು. ಆದರೂ ಕಚೇರಿಯ ಲೆಕ್ಕದಲ್ಲಿ ಕಲ್ದಾರೇ ಮೇಲು! ನಾಣ್ಯದ ಬೆಲೆಯನ್ನು ಬೆಳ್ಳಿ ಹೇಳುವ ಕಾಲ ಮುಗಿದು ಹುಕುಂ ಹೇಳುವ ಕಾಲ ಬಂದಿತ್ತು. 1947ರ ನವೆಂಬರಿನ ಯಥಾಸ್ಥಿತಿ ಒಪ್ಪಂದದ ದಿನಗಳಲ್ಲಿ ಹೈದರಾಬಾದ್ ಸರ್ಕಾರ ಹೊರಡಿಸಿದ ಸುಗ್ರೀವಾಜ್ಞೆಯೂ ಅಂಥ ಹುಕುಮೇ. ಭಾರತದ ರೂಪಾಯಿ ತನ್ನ ಸೀಮೆಯಲ್ಲಿ ಕಾನೂನುಬದ್ಧ ಹಣವಲ್ಲ ಎಂದು ಅದು ಸಾರಿತು. ದೆಹಲಿ ಇದನ್ನು ಒಪ್ಪಂದದ ಉಲ್ಲಂಘನೆ ಎಂದಿತು. ದೆಹಲಿಗೂ ಹೈದರಾಬಾದಿಗೂ ಅದು ಸಾರ್ವಭೌಮತ್ವದ ಜಗಳ. ಗಡಿಯ ಸಂತೆಗೆ ಬಂದವನಿಗೆ ಅದು ಕೈಯಲ್ಲಿದ್ದ ದುಡ್ಡು ನಡೆಯುತ್ತದೋ ಇಲ್ಲವೋ ಎಂಬ ಪ್ರಶ್ನೆ.

1948ರ ಆರಂಭದಲ್ಲಿ ಜಮಖಂಡಿ, ಮುಧೋಳಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಕೊನೆಗೊಂಡಿತು. 1950ರಲ್ಲಿ ಭಾರತದ ರೂಪಾಯಿ ಹೈದರಾಬಾದಿಗೂ ಬಂತು, ದರ ಅದೇ ಏಳಕ್ಕೆ ಆರು. ಹಾಲಿ ಕೆಲವು ವರ್ಷ ಜೊತೆಯಲ್ಲೇ ಓಡಾಡಿ, ಐವತ್ತರ ದಶಕ ಮುಗಿಯುವ ಮೊದಲೇ ಮರೆಯಾಯಿತು. ಎಪ್ಪತ್ತು ಹಾಲಿ ಸಂಬಳ ಅರವತ್ತಾಯಿತು. ಕಾಗದದ ಮೇಲೆ ಯಾರಿಗೂ ನಷ್ಟವಿಲ್ಲ. ಆದರೆ ಒಂದಾಣೆ ಹಾಲಿಯ ಸರಕಿಗೆ ಹೊಸ ಲೆಕ್ಕದಲ್ಲಿ ಸಲ್ಲಬೇಕಾದದ್ದು ಹತ್ತು ಪೈ ಚಿಲ್ಲರೆ. ಅಂಗಡಿಯವನು ಮೊದಲಿನಂತೆ ‘ಒಂದಾಣೆ’ ಎಂದುಬಿಟ್ಟರೆ ಕೊಳ್ಳುವವನ ಕಿಸೆಯಿಂದ ಹತ್ತಿರ ಹತ್ತಿರ ಎರಡು ಪೈ ಸದ್ದಿಲ್ಲದೆ ಹೊರಟುಹೋಗುತ್ತಿತ್ತು.