ಸಂದೇಶ ಪರಿವರ್ತನೆಯ ಚರಿತ್ರೆಯಲ್ಲಿ ನಡುವಿನವನು

ಸಂವಹನದ ಚರಿತ್ರೆಯನ್ನು ಬರೆದವರು ಸಾಧನಗಳಿಗೆ ಕೊಟ್ಟಷ್ಟು ಗಮನವನ್ನು, ಒಂದು ವಾಹಕದಿಂದ ಇನ್ನೊಂದಕ್ಕೆ ಸಂದೇಶ ದಾಟಿಸಿದ ನಡುವಿನವನಿಗೆ ಕೊಟ್ಟಿಲ್ಲ. ಬರಹದಲ್ಲಿ ಬಂದ ಆಜ್ಞೆಯನ್ನು ಡಂಗುರ ಸಾರುವವನು ಧ್ವನಿಯಾಗಿಸುತ್ತಿದ್ದ. ತಂತಿ ಕಚೇರಿಯ ಗುಮಾಸ್ತ ಕಟಕಟ ಸದ್ದನ್ನು ಅಕ್ಷರವಾಗಿಸುತ್ತಿದ್ದ. ಓದು ಬಾರದವರ ಮನೆಯಲ್ಲಿ ಅಂಚೆಯವನೇ ಅದನ್ನು ಓದಿ ಹೇಳುತ್ತಿದ್ದ. 2013ರ ಜುಲೈನಲ್ಲಿ ತಂತಿ ಸೇವೆಯೂ ನಿಂತಿತು. ಈ ಮೂವರಲ್ಲಿ ಯಾರಿಗೂ ಸಂದೇಶವನ್ನು ತಾವು ತಿಳಿಯದೆ ದಾಟಿಸುವುದು ಸಾಧ್ಯವಿರಲಿಲ್ಲ. ಮೌಖಿಕ ಪರಂಪರೆಯಲ್ಲಿ ಪಾಠಾಂತರ ಹುಟ್ಟುವುದೂ ಇಂಥ ಕಡೆಯಲ್ಲಿಯೇ.

ದಾವಣಗೆರೆಯ ಎಸ್.ಎಸ್. ಬಡಾವಣೆಯಂತಹ ನಗರ ಬಡಾವಣೆಗಳ ಮನೆಗಳಲ್ಲಿ ಇಂದು ಈ ಕೆಲಸ ಗೋಡೆಗೆ ತೂಗುಹಾಕಿದ ಪುಟ್ಟ ಪೆಟ್ಟಿಗೆಯದು. ಗಾಜಿನ ಎಳೆಯಲ್ಲಿ ಬಂದ ಬೆಳಕನ್ನು ಅದು ವಿದ್ಯುತ್ತಾಗಿಸಿ, ಅನಂತರ 2.4 ಅಥವಾ 5 ಗಿಗಾಹರ್ಟ್ಸ್‌ನ ಸೂಕ್ಷ್ಮತರಂಗವಾಗಿ ಬಿತ್ತರಿಸುತ್ತದೆ. ಇವೆರಡೂ ಒಂದೇ ಕುಲದ ಅಲೆಗಳು. 1895ರಲ್ಲಿ ಕಲ್ಕತ್ತೆಯಲ್ಲಿ ಮಿಲಿಮೀಟರ್ ಅಲೆಗಳನ್ನು ಪ್ರದರ್ಶಿಸಿದ ಜಗದೀಶಚಂದ್ರ ಬೋಸರು ಅವು ಬೆಳಕಿನಂತೆಯೇ ವಕ್ರೀಭವಿಸುವುದನ್ನೂ ಧ್ರುವೀಕರಣಗೊಳ್ಳುವುದನ್ನೂ ತೋರಿಸಿದರು. ಆದರೆ ಪೆಟ್ಟಿಗೆಯೂ ಹಳೆಯ ಗುಮಾಸ್ತನೇ. ಬಂದದ್ದನ್ನು ಓದಿ, ಮತ್ತೆ ಬರೆದು ಕಳಿಸುತ್ತದೆ.

ಕ್ವಾಂಟಮ್ ಸಂದೇಶಕ್ಕೆ ಇದು ಒಗ್ಗದು. ಅಜ್ಞಾತ ಕ್ವಾಂಟಮ್ ಸ್ಥಿತಿಯ ನಕಲು ತೆಗೆಯಲಾಗದೆಂದು 1982ರಲ್ಲಿ ವೂಟರ್ಸ್ ಮತ್ತು ಜೂರೆಕ್, ಪ್ರತ್ಯೇಕವಾಗಿ ಡೀಕ್ಸ್, ಸಾಧಿಸಿದರು. ಓದಿದರೆ ಸ್ಥಿತಿಯೇ ಕೆಡುತ್ತದೆ. ಅತಿವಾಹಕ ಮಂಡಲಗಳ ಗಣಕವು ನಿರಪೇಕ್ಷ ಶೂನ್ಯದ ಸಮೀಪದ ಶೀತದಲ್ಲಿ, ಸುಮಾರು 5 ಗಿಗಾಹರ್ಟ್ಸ್‌ನಲ್ಲಿ ವ್ಯವಹರಿಸುತ್ತದೆ. ಹೊರಗಿನ ಸಾಮಾನ್ಯ ಶಾಖದಲ್ಲಿ ಆ ಆವರ್ತನದ ಒಂದು ಫೋಟಾನು ಸಾವಿರಕ್ಕೂ ಹೆಚ್ಚು ಫೋಟಾನುಗಳ ಗದ್ದಲದಲ್ಲಿ ಮುಳುಗಿಹೋಗುತ್ತದೆ. ದೂರ ಸಾಗಬೇಕಾದರೆ ಅದು ಸುಮಾರು 40,000 ಪಟ್ಟು ಹೆಚ್ಚಿನ ಆವರ್ತನದ ಬೆಳಕಾಗಬೇಕು, ನಡುವೆ ಯಾರೂ ಆಲಿಸದಂತೆ.

2014ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಇದಕ್ಕೆ ಬಳಸಿದ ಉಪಕರಣ ಜಾನಪದ ವಿದ್ಯಾರ್ಥಿಗೆ ಕುತೂಹಲಕರ. ಅದು ಹಲಗೆಯ ಚರ್ಮದಂತೆ ಬಿಗಿದ, ಸಿಲಿಕಾನ್ ನೈಟ್ರೈಡಿನ ತೆಳುಪೊರೆ. ಅದರ ಒಂದು ಭಾಗ ಸೂಕ್ಷ್ಮತರಂಗದ ಮಂಡಲಕ್ಕೆ, ಇನ್ನೊಂದು ಭಾಗ ಬೆಳಕಿನ ಕುಹರಕ್ಕೆ ಸೇರಿದೆ. ಹರಿಹರೇಶ್ವರನ ಮೂರ್ತಿಯಂತೆ ಒಂದೇ ಒಡಲಿಗೆ ಎರಡು ಪಾರ್ಶ್ವ ಎನ್ನಬಹುದು. ಒಂದು ಕಡೆಯ ಸಂಕೇತ ಪೊರೆಯ ಕಂಪನವಾಗಿ ಇನ್ನೊಂದು ಕಡೆಗೆ ದಾಟುತ್ತದೆ. ಡಂಗುರದ ವಾದ್ಯ ಉಳಿದಿದೆ, ಸಾರುವವನಿಲ್ಲ. ಆಗ ಶೇ. 10ರಷ್ಟಿದ್ದ ದಕ್ಷತೆ 2018ರಲ್ಲಿ ಶೇ. 47ಕ್ಕೆ ಏರಿತು. ಆದರೂ ಪೊರೆಯ ಶಾಖದ ನಡುಕವೇ ಸಂಕೇತಕ್ಕೆ ಗದ್ದಲ ಬೆರೆಸುತ್ತಿತ್ತು. ದಕ್ಷತೆಯ ಅಂಕಿಗಿಂತ ಈ ಗದ್ದಲವೇ ನಿಜವಾದ ತೊಡಕೆಂದು ನನ್ನ ಅಭಿಪ್ರಾಯ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ 2021ರಲ್ಲಿ ಎರಡು ಕಟ್ಟಡಗಳ ನಡುವೆ ಬಯಲಿನ ಮೂಲಕ ಕ್ವಾಂಟಮ್ ಗುಪ್ತಕೀಲಿಯನ್ನು ಹಂಚಿ ತೋರಿಸಿತು. ಅಲ್ಲಿ ಆದಿಯಿಂದ ಅಂತ್ಯದವರೆಗೆ ಬೆಳಕೇ ಇದ್ದುದರಿಂದ ಪರಿವರ್ತನೆಯ ಪ್ರಶ್ನೆ ಏಳಲಿಲ್ಲ. ಇಂಥ ವಿಧಾನದಲ್ಲಿ ಕದ್ದು ಕೇಳಿದವನ ಗುರುತು ತಪ್ಪುಗಳಾಗಿ ಉಳಿಯುತ್ತದೆ. ನಾವು ಪಾಠಾಂತರವನ್ನು ಸಂಗ್ರಹಿಸುತ್ತೇವೆ. ಅಲ್ಲಿ ತಪ್ಪುಗಳು ಮಿತಿ ಮೀರಿದರೆ ಕೀಲಿಯನ್ನೇ ಕೈಬಿಡುತ್ತಾರೆ. 2023ರಲ್ಲಿ ಮಂಜೂರಾದ ರಾಷ್ಟ್ರೀಯ ಕ್ವಾಂಟಮ್ ಅಭಿಯಾನದಡಿ ಗಣಕದ ಕೇಂದ್ರವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಸಂವಹನದ ಕೇಂದ್ರವು ಮದ್ರಾಸಿನ ಐಐಟಿಗೂ ಸಂದಿವೆ. ಅತಿವಾಹಕ ಗಣಕದ ಕ್ವಾಂಟಮ್ ಸ್ಥಿತಿ ಗಾಜಿನ ಎಳೆಯ ದಾರಿಯಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಹೋಗಬೇಕಾದರೆ ಈ ಮೂಕ ನಡುವಿನವನನ್ನು ಮೊದಲು ಪಳಗಿಸಬೇಕು.